ಸಾಮು ಕಾಕಾನ ಮನೆಯ ನೀರು

ಹೋದ ರವಿವಾರ ಚರ್ಚಿನಲ್ಲಿ ಕರ್ತನ ಭೋಜನವಿತ್ತು. ಮೊಣಕಾಲು ನೋವಿನ ಮುದುಕಿ ಅಂತ ನನ್ನನ್ನು ಮುಂದಿನ ಸಾಲಿಗೇ ಕೂಡಿಸಿದ್ದರು. ಹೊಸದಾಗಿ ಬಂದ ಪಾದ್ರಿ, ಇನ್ನೂ ಮೀಸೆ ಗಟ್ಟಿಯಾಗದ ಹುಡುಗ, ನನ್ನ ಅಂಗೈ ಮೇಲೊಂದು ತೆಳ್ಳನೆಯ ಬಿಳಿ ಬಿಲ್ಲೆ ಇಟ್ಟ. ಪೊಟ್ಟಣದಲ್ಲಿ ಬರುತ್ತದಂತೆ, ಹೈದರಾಬಾದಿನಿಂದ. ಬಾಯಲ್ಲಿ ಹಾಕಿಕೊಂಡೆ. ಅಂಗುಳಕ್ಕೆ ಅಂಟಿತು, ಆಮೆನ್ ಅನ್ನುವಷ್ಟರಲ್ಲಿ ಕರಗಿಯೂ ಹೋಯಿತು. ಹಲ್ಲಿಲ್ಲದ ನನ್ನಂಥವಳಿಗೆ ಅದು ಅನುಕೂಲವೇ ಅನ್ನಿ. ಆದರೂ ಮನಸ್ಸು ಒಳಗೊಳಗೇ ಗೊಣಗಿತು: ಇಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವಂಥದ್ದೇ ಇದು? ನಮ್ಮಪ್ಪ ಇದರ ಎದುರು ನಾಲ್ಕು ವರ್ಷ ಕೈ ಕಟ್ಟಿಕೊಂಡು ಕೂತಿದ್ದನಲ್ಲ.

ನಮ್ಮ ಕಾಲಕ್ಕೆ ಬಿಲ್ಲೆಗಿಲ್ಲೆ ಇರಲಿಲ್ಲ ನೋಡಿ. ವಾಡಿಯ ನಮ್ಮ ಸಣ್ಣ ಸಭೆಗೆ ಜೋಳದ ರೊಟ್ಟಿಯೇ ಕರ್ತನ ರೊಟ್ಟಿ. ಪಾದ್ರಿ ಸಾಹೇಬರು ಶಹಾಬಾದದಿಂದ ರೈಲಿನಲ್ಲಿ ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು. ಶನಿವಾರ ಬಂದು ಇಳಿದರೆ ರವಿವಾರ ಭೋಜನ. ಆ ರೊಟ್ಟಿ ಬಡಿಯುವ ಕೆಲಸ ನಮ್ಮ ಅವ್ವನದು. ಅವತ್ತು ತಲೆಗೆ ನೀರು ಹಾಕಿಕೊಂಡು, ಹಂಚು ಬೂದಿಯಿಂದ ತಿಕ್ಕಿ, ಬಾಯಿ ಬಿಗಿದು ಕೂತರೆ ರೊಟ್ಟಿ ಬೇಯುವ ತನಕ ಒಂದು ಮಾತೂ ಇಲ್ಲ. ನಾನು ಹಸಿವೆ ಅಂತ ಕಣ್ಣಲ್ಲಿ ನೀರು ತಂದರೂ ಇಲ್ಲ. ಮರುದಿನದ ಹೊತ್ತಿಗೆ ರೊಟ್ಟಿ ಬಿರುಸಾಗಿರುತ್ತಿತ್ತು. ಸಾಹೇಬರು ಮುರಿದರೆ ಆ ಕಟ್ ಅನ್ನುವ ಸಪ್ಪಳ ಹಿಂದಿನ ಸಾಲಿನವರಿಗೂ ಕೇಳಬೇಕು.

ಹಿಂದಿನ ಸಾಲಿನಲ್ಲಿ ಅಪ್ಪ ಇರುತ್ತಿದ್ದ.

ಶನಿವಾರದ ಇನ್ನೊಂದು ಪದ್ಧತಿ ಹೇಳದೆ ಮುಂದೆ ಹೋಗುವಂತಿಲ್ಲ. ಸಭೆಯಲ್ಲಿ ಯಾರಿಗೆ ಯಾರ ಮೇಲೆ ಮುನಿಸಿದೆಯೋ ಅವರು ಅವತ್ತು ಆ ಮನೆಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ಬರಬೇಕು. ಕುಡಿದವರಿಗೆ ಮಾತ್ರ ನಾಳೆ ರೊಟ್ಟಿ. ಇದು ಪಾದ್ರಿಗಳು ಕಲಿಸಿದ್ದಲ್ಲ, ನಮ್ಮ ಹಿರಿಯರೇ ಕಟ್ಟಿಕೊಂಡದ್ದು. ಊರ ಬಾವಿಗೆ ನಮ್ಮವರು ಹಗ್ಗ ಬಿಡುವ ಹಾಗಿರಲಿಲ್ಲ, ನಮ್ಮ ಮನೆಯ ನೀರು ಊರವರು ಯಾರೂ ಮುಟ್ಟುತ್ತಿರಲಿಲ್ಲ. ಅಂಥ ಜನರಿಗೆ ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯುವುದು ಸಣ್ಣ ಮಾತಲ್ಲ. ಶನಿವಾರ ಸಂಜೆ ನಮ್ಮ ಓಣಿಯಲ್ಲಿ ಹೆಂಗಸರು ಸೆರಗು ಸರಿಮಾಡಿಕೊಂಡು ಆ ಮನೆಯಿಂದ ಈ ಮನೆಗೆ ಓಡಾಡುವುದು ನೋಡಬೇಕಿತ್ತು. ಕೆಲವರು ಕುಡಿಯುತ್ತಲೇ ಒಂದಿಷ್ಟು ಜಗಳವನ್ನೂ ಮುಗಿಸಿ ಬರುತ್ತಿದ್ದರು.

ಅಪ್ಪ ಮಾತ್ರ ಸಾಮು ಕಾಕಾನ ಮನೆಗೆ ಹೋಗಲಿಲ್ಲ.

ಕಾಕಾ ಅಂದರೂ ಸಾಮುವೇಲಪ್ಪ ನಮಗೆ ರಕ್ತಸಂಬಂಧಿಯಲ್ಲ. ಅಪ್ಪನೂ ಅವನೂ ಒಂದೇ ಊರಿನವರು, ಒಂದೇ ದಿನ ಒಂದೇ ಹಳ್ಳದಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡವರು. ಅವನು ಮೊದಲೇ ವಾಡಿಗೆ ಬಂದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗೆ ಸೇರಿದ್ದ. ಪೊಲೀಸ್ ಆಕ್ಷನ್ನಿಗೆ ಮುಂಚಿನ ಆ ಮಳೆಗಾಲ, ಎಲ್ಲ ಕಡೆ ಲೂಟಿ, ಕೊಲೆಯ ಗದ್ದಲ, ಹೊತ್ತು ಮುಳುಗಿದರೆ ಯಾರೂ ಬಾಗಿಲು ತೆಗೆಯದ ಕಾಲ. ನನ್ನ ತಮ್ಮ ದಾನಿಗೆ ಜ್ವರ ನೆತ್ತಿಗೇರಿತ್ತು. ಎರಡು ವರ್ಷದ ಕೂಸು. ಶಹಾಬಾದದ ಡಾಕ್ಟರರ ಹತ್ತಿರ ಒಯ್ಯಬೇಕೆಂದು ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಅಪ್ಪ ಅವ್ವ ಊರಿನಿಂದ ನಡೆದು ಹೊರಟರು. ವಾಡಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು, ಜಡಿಮಳೆ. ಸಾಮು ಕಾಕಾನ ಬಾಗಿಲು ಬಡಿದರು. ಹೆಸರು ಹಿಡಿದು ಕರೆದರು. ಬಾಗಿಲು ತೆಗೆಯಲಿಲ್ಲ. ಬೆಳಗಿನ ತನಕ ಒಂದು ಗಿಡದ ಕೆಳಗೆ ಅವ್ವನ ಸೆರಗಿನೊಳಗೆ ಕೂಸನ್ನು ಇಟ್ಟುಕೊಂಡು ಕೂತರು. ದಾನಿ ಶಹಾಬಾದ ಕಾಣಲಿಲ್ಲ.

ಮುಂದಿನ ವರ್ಷ ಹೊಟ್ಟೆಪಾಡಿಗೆ ನಾವೂ ಅದೇ ವಾಡಿಗೆ ಬಂದೆವು. ಅದೇ ಖಣಿ, ಅದೇ ಸಭೆ. ಅಪ್ಪ ದಿನಾ ಕೆಲಸಕ್ಕೆ ಹೋಗುವುದು ಅದೇ ಬಾಗಿಲ ಮುಂದಿನಿಂದ. ಸಾಮು ಕಾಕಾ ಕೇಳಿದವರಿಗೆಲ್ಲ ಹೇಳುತ್ತಿದ್ದ, "ಮಳಿ ಸಪ್ಪಳದಾಗ ನನಗ ಏನೂ ಕೇಳಸಲಿಲ್ರಿ. ಕೇಳಿಸಿದ್ರ ಬಿಡ್ತಿದ್ನೇನು?" ಸಭೆಯವರು ನಂಬಿದರು. ಅವ್ವನೂ ನಂಬಿದಳು. ಮೊದಲನೆಯ ಶನಿವಾರವೇ ಅವಳೊಬ್ಬಳೇ ಹೋಗಿ ನೀರು ಕುಡಿದು ಬಂದಳು. ಎಷ್ಟು ದೊಡ್ಡ ಮನಸ್ಸು ಅಂತ ಓಣಿ ತುಂಬ ಅವಳ ಹೊಗಳಿಕೆ. ಅಪ್ಪ ಎರಡು ದಿನ ಅವಳ ಕೈಯ ಊಟ ಮಾಡಲಿಲ್ಲ.

ಅಪ್ಪ ಕೆಟ್ಟವನಲ್ಲ. ಈ ಮಾತನ್ನು ನಾನು ಮಗಳಾಗಿ ಹೇಳುತ್ತಿಲ್ಲ. ಕೋಳಿ ಕೂಗುವ ಮೊದಲು ಎದ್ದು ಮೊಣಕಾಲೂರುವವನು, ಖಣಿಯಲ್ಲಿ ಯಾರ ಕೈಗೆ ಕಲ್ಲು ಬಡಿದರೂ ಅವರ ಪಾಲಿನ ಕೆಲಸ ತಾನು ಮಾಡಿ ಬರುವವನು. ಆದರೆ ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಸಾಲು ಬಂತೆಂದರೆ ಅವನ ಬಾಯಿ ಮುಚ್ಚಿಬಿಡುತ್ತಿತ್ತು. ಅದು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುವನು. ಯಾರಿಗೂ ಗೊತ್ತಾಗಬಾರದೆಂದು ಆ ಒಂದು ಸಾಲನ್ನು ನಾನು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆ. ಭಾಳ ಭಕ್ತಿಯ ಹುಡುಗಿ ಅಂತ ನನಗೊಂದು ಹೆಸರು ಬಂದದ್ದು ಹಾಗೆ.

"ಬರೇ ನೀರು ಕುಡಿಯೋದಕ್ಕ ನಿನಗೇನು ಧಾಡಿ?" ಅಂತ ಒಮ್ಮೆ ಅವ್ವ ಕೇಳಿದಳು.

ಅಪ್ಪ ಅಂದ, "ಅವ ತಪ್ಪೇ ಮಾಡಿಲ್ಲಂತಾನ. ಇಲ್ಲದ ತಪ್ಪಿಗೆ ನಾ ಏನಂತ ಕ್ಷಮಿಸಲಿ? ಸುಮ್ಮಕ ಕುಡದ್ರ ಗಂಟಲ ತಣ್ಣಗಾಗ್ತದ, ಹೊಟ್ಟ್ಯಾಗಿಂದು ಆರಂಗಿಲ್ಲ. ಅಂಥಾ ಹೊಟ್ಟ್ಯಾಗ ಕರ್ತನ ರೊಟ್ಟಿ ಹಾಕಂಗಿಲ್ಲ ನಾನು."

ಹೀಗೆ ನಾಲ್ಕು ವರ್ಷ. ಹೆಂಡತಿ ಬಡಿದ ರೊಟ್ಟಿ, ಗಂಡನಿಗೆ ಇಲ್ಲ. ಕೊನೆಗೆ ಪಾದ್ರಿ ಸಾಹೇಬರಿಗೂ ಸಾಕಾಯಿತು. ಒಂದು ಶನಿವಾರ ಎಲ್ಲರ ಎದುರು ಹೇಳಿಬಿಟ್ಟರು, ನಾಳೆಯೂ ಕೈ ಚಾಚದಿದ್ದರೆ ನಿನ್ನನ್ನು ಸಭೆಯಿಂದ ಹೊರಗಿಡಬೇಕಾಗುತ್ತದೆ ಎಂದು. ನಿಮಗೆ ಇದು ಹಗುರ ಕಾಣಬಹುದು. ದೀಕ್ಷಾಸ್ನಾನದ ದಿನವೇ ಹಳೆಯ ಬಂಧು ಬಳಗ ನಮ್ಮನ್ನು ಬಿಟ್ಟಾಗಿತ್ತು. ಸಭೆಯೂ ಬಿಟ್ಟರೆ ನನ್ನನ್ನು ಮದುವೆಯಾಗುವವರಿಲ್ಲ, ಅಪ್ಪನ ಹೆಣ ಹೊರುವವರಿಲ್ಲ. ಅಪ್ಪ ತಲೆ ತಗ್ಗಿಸಿಕೊಂಡು ಮನೆಗೆ ಬಂದ.

ಸಂಜೆ ಅವ್ವ ಒಲೆಯ ಮುಂದಿದ್ದಳು. ರೊಟ್ಟಿ ಹಂಚಿನ ಮೇಲಿತ್ತು. ಬಾಗಿಲಲ್ಲಿ ಸಾಮು ಕಾಕಾ ಬಂದು ನಿಂತ. ಯಾರೂ ಕುಂದ್ರು ಅನ್ನಲಿಲ್ಲ, ತಾನೇ ಹೊಸ್ತಿಲ ಹೊರಗೆ ಕೂತ.

"ನನ್ನ ಸಲುವಾಗಿ ನಿನ್ನ ಹೊರಗ ಹಾಕೋದು ಬ್ಯಾಡ," ಅಂದ. "ಕೇಳಿಸಿತ್ತೋ ನನಗ."

ಅಪ್ಪ ತಲೆ ಎತ್ತಲಿಲ್ಲ.

"ನೀ ಹೆಸರ ಹಿಡದ ಕರದದ್ದೂ ಕೇಳಿಸಿತ್ತು. ಕೂಸು ಅಳಲಿಕತ್ತಿದ್ದೂ ಕೇಳಿಸಿತ್ತು. ಅಗಳಿ ಮ್ಯಾಲ ಕೈ ಇಟ್ಟಿದ್ದೆ. ತೆಗಿಲಿಲ್ಲ. ನಿನ್ನ ಬೆನ್ನಿಗೆ ಯಾರರ ಇದ್ದಾರಂತ ಅಂಜಿದೆ. ಮುಂಜಾನಿ ಬಾಗಿಲ ತೆಗದಾಗ ನೀವು ಇರಲಿಲ್ಲ. ಬ್ಯಾರೆ ಕಡಿ ಆಸರಾ ಸಿಕ್ಕಿರಬೇಕು ಅಂದ್ಕೊಂಡೆ. ಸುದ್ದಿ ಬಂದ ಮ್ಯಾಲ ಬಾಯಿ ಬರಲಿಲ್ಲ."

ರೊಟ್ಟಿ ಸುಡುವ ವಾಸನೆ ನನ್ನ ಮೂಗಿಗೆ ಬಡಿಯಿತು. ಅವ್ವ ಹಂಚು ನೋಡುತ್ತ ಕೂತಿದ್ದಳು, ಕೈ ಮಾತ್ರ ಹಿಟ್ಟಿನಲ್ಲೇ ನಿಂತುಬಿಟ್ಟಿತ್ತು. ಕರ್ತನ ರೊಟ್ಟಿ ಅವಳ ಕೈಯಲ್ಲಿ ಕೆಟ್ಟದ್ದು ಅದೊಂದೇ ಸಲ. ಸಾಮು ಕಾಕಾ ಎದ್ದು ಹೋದ. ಅವ್ವ ಕರಕಾದದ್ದನ್ನು ತೆಗೆದಿಟ್ಟು ಇನ್ನೊಂದು ಬಡಿದಳು.

ನಾನೇನೋ ಎಲ್ಲ ಸರಿಹೋಯಿತು ಅಂದುಕೊಂಡೆ. ತಪ್ಪು ಒಪ್ಪಿಕೊಂಡನಲ್ಲ, ಅಪ್ಪ ಕೇಳುತ್ತಿದ್ದುದೂ ಅದೇ ಅಲ್ಲವೇ. ಮರುದಿನ ರೊಟ್ಟಿಯ ತಟ್ಟೆ ಹಿಂದಿನ ಸಾಲಿಗೆ ಬಂತು. ಸಾಮು ಕಾಕಾ ಅವತ್ತು ಮುಂದೆ ಕೂತಿರಲಿಲ್ಲ, ಅದೇ ಸಾಲಿನ ಇನ್ನೊಂದು ತುದಿಗಿದ್ದ, ಬೇಡವೆಂದು ತಲೆಯಾಡಿಸಿದ. ಸಾಹೇಬರು ಅಪ್ಪನ ಮುಂದೆ ನಿಂತರು. ಅಪ್ಪ ಎದ್ದು ನಿಂತ.

"ಸಾಹೇಬ್ರ, ಇಷ್ಟು ದಿನ ಅನುಮಾನ ಇತ್ತು. ಖರೇ ಸಿಟ್ಟು ನಿನ್ನಿಯಿಂದ ಸುರು ಆಗ್ಯಾದ. ಇವತ್ತ ತಿಂದ್ರ ಸುಳ್ಳ ಆಗ್ತದ. ಮುಂದಿನ ಸಲ ನೀವು ಬರೂತನಕ ನನಗ ಟೈಮ್ ಕೊಡ್ರಿ."

ಸಾಹೇಬರು ಏನಾದರೂ ಬೈಯಬಹುದೆಂದು ನಾನು ಅವ್ವನ ಸೆರಗು ಹಿಡಿದೆ. ಅವರು ಅಪ್ಪನ ಮುಖ ನೋಡಿದರು. "ಆಯ್ತಪ್ಪ, ಅಲ್ಲೀತನಕ," ಎಂದು ತಟ್ಟೆಯ ಮೇಲೆ ಬಟ್ಟೆ ಎಳೆದರು.

ಅವತ್ತಿನಿಂದ ಅಪ್ಪ ಪ್ರತಿ ರವಿವಾರ ಉಂಡ ಮೇಲೆ ಸಾಮು ಕಾಕಾನ ಮನೆಗೆ ಹೋಗಲು ಶುರುಮಾಡಿದ. ಒಂದೆರಡು ಸಲ ನಾನೂ ಬೆನ್ನು ಹತ್ತಿದ್ದೆ. ಕಟ್ಟೆಯ ಮೇಲೆ ಇಬ್ಬರೂ ಕೂಡುವರು. ಕಾಕಿ ತಂಬಿಗೆ ನೀರು ತಂದಿಡುವಳು. ಅಪ್ಪ "ಇರಲಿ" ಅನ್ನುವನು. ಮಾತೆಂದರೆ ಖಣಿಯದು, ಕಲ್ಲಿನದು, ಚಿತ್ತಾಪುರದ ಸಂತೆಯದು. ಒಮ್ಮೆ ಮಾತ್ರ ಸಾಮು ಕಾಕಾ ಕೇಳಿದ, "ದಾನಿ ನಡೀಲಿಕತ್ತಿದ್ನೇನು?" ಅಪ್ಪ ಬೇರೆ ಕಡೆ ಮುಖ ಮಾಡಿ, "ಓಡ್ತಿದ್ದ," ಅಂದ. ತಂಬಿಗೆ ಹಾಗೇ ಇತ್ತು. ಮನೆಗೆ ಬಂದರೆ ಅವ್ವ ಕಣ್ಣಲ್ಲೇ ಕೇಳುವಳು, ಅಪ್ಪ ಇಲ್ಲವೆಂದು ಕೈಯಾಡಿಸುವನು. ಹುಡುಗಿಯಾದ ನನಗೆ ಸಿಟ್ಟು ಬರುತ್ತಿತ್ತು. ಒಂದು ಗುಟುಕು ನೀರಿಗೆ ಇಷ್ಟು ಪಂಚಾಯಿತಿಯೇ, ಕಣ್ಣು ಮುಚ್ಚಿ ಕುಡಿದು ಬರಬಾರದೇ, ಸಭೆ ಉಳಿಯುತ್ತದಲ್ಲ ಎಂದು.

ಸಾಹೇಬರು ಬರುವುದಕ್ಕೆ ಇನ್ನೊಂದೇ ವಾರ ಉಳಿದಿತ್ತು. ಅಪ್ಪ ಮಧ್ಯಾಹ್ನ ಹೋದವನು ಬಿಸಿಲು ಇಳಿದ ಮೇಲೆ ಬಂದ. ಮುಂಡಾಸು ಬಿಚ್ಚಿ ಗೂಟಕ್ಕೆ ಹಾಕಿದ. ಅವ್ವನ ಕಡೆ ನೋಡದೆ ಅಂದ, "ಸಾಮುನ ಮನ್ಯಾಗಿನ ನೀರು ಭಾಳ ಸವಳ ಅದ. ಹ್ಯಾಂಗ ಕುಡೀತಾರೋ ಏನೋ. ನಮ್ಮ ಕಡಿಂದ ಒಂದು ಕೊಡ ಸಿಹಿನೀರು ಕೊಟ್ಟು ಬರ್ತೀನಿ."

ಅವ್ವ ಅಲ್ಲೇ ಗೋಡೆಗೆ ಆನಿಕೊಂಡು ಕೂತುಬಿಟ್ಟಳು. ದಾನಿ ಹೋದಾಗ ಅವಳು ಹೇಗೆ ಅತ್ತಳೋ ನಾನು ಕಂಡಿಲ್ಲ. ಅವತ್ತು ಕಂಡೆ. ಅಪ್ಪ ಕೊಡ ಹೆಗಲಿಗೇರಿಸಿಕೊಂಡು ಓಣಿಯಲ್ಲಿ ನಡೆದು ಹೋದ. ಗಂಡಸು ನೀರು ಹೊರುವುದು ನೋಡಿ ಜನ ನಗುತ್ತಿದ್ದರು.

ಆ ಸಲದ ಭೋಜನದಲ್ಲಿ ಇಬ್ಬರೂ ಒಂದೇ ತಟ್ಟೆಗೆ ಕೈ ಚಾಚಿದರು. ಬಿರುಸು ರೊಟ್ಟಿ, ಅಪ್ಪ ಬಹಳ ಹೊತ್ತು ಅಗಿದ.

ಇಷ್ಟಕ್ಕೇ ಮುಗಿಸಿದರೆ ಇದು ಒಳ್ಳೆಯ ಪ್ರಸಂಗವಾಗುತ್ತದೆ, ಚರ್ಚಿನ ಸಾಕ್ಷಿಕೂಟದಲ್ಲಿ ನಾನೇ ಎಷ್ಟೋ ಸಲ ಹೀಗೆ ಹೇಳಿ ಕಣ್ಣೀರು ತರಿಸಿದ್ದೇನೆ. ಆದರೆ ಅಪ್ಪ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ನಾನೂ ಮಕ್ಕಳ ತಾಯಿಯಾದ ಮೇಲೆ, ಅವ್ವನನ್ನು ಕೇಳಿದೆ. ಅಪ್ಪನಿಗೆ ಅಷ್ಟು ಕಷ್ಟವಾದದ್ದು ನಿನಗೆ ಹೇಗೆ ಅಷ್ಟು ಬೇಗ ಆಯಿತು ಎಂದು.

ಅವ್ವ ಸುಮ್ಮನೆ ನಕ್ಕಳು. "ನಾ ಮೊದಲ ಕುಡದದ್ದು ಅವನ ಸುಳ್ಳ ನಂಬಿ. ಕೂಸು ಅಳೋದು ಕೇಳಿಸಿತ್ತಂತ ಆಮ್ಯಾಲ ಗೊತ್ತಾತಲ್ಲವ್ವ. ನಿಮ್ಮಪ್ಪ ಒಮ್ಮೆ ಕುಡದ, ಅವಂದು ಮುಗೀತು. ನಂದು ಮುಗಿಲಿಲ್ಲ. ದಿನಾ ಮುಂಜಾನಿ ಎದ್ದ ಕೂಡಲೇ ಆ ಅಳು ಕೇಳಿಸ್ತದ. ಒಲಿ ಹಚ್ಚೋದಕ್ಕಿಂತ ಮೊದಲು ಅವನಿಗೆ ಕ್ಷಮಿಸ್ತೀನಿ. ಮರುದಿನ ಮತ್ತ ಮೊದಲಿಂದ."

ಅಷ್ಟು ವರ್ಷ, ಅವ್ವ, ಅಷ್ಟು ವರ್ಷ. ಅದೇ ಕೈಯಿಂದ ಸಾಮು ಕಾಕಾನ ಮಗಳ ಬಾಣಂತನ ಮಾಡಿದ್ದಳು. ನಮಗ್ಯಾರಿಗೂ ಗೊತ್ತೇ ಆಗಲಿಲ್ಲ.

ನನಗೂ ಈಗ ಬೆಳಿಗ್ಗೆ ಎದ್ದ ಕೂಡಲೇ ನೆನಪಾಗುವ ಒಂದು ಮುಖವಿದೆ. ಯಾರದೆಂದು ಕೇಳಬೇಡಿ. ರಾತ್ರಿ ಪ್ರಾರ್ಥಿಸಿ ಮಾಡಿದ ಕ್ಷಮೆ ಬೆಳಗಾಗುವುದರೊಳಗೆ ಮಾಯವಾಗಿರುತ್ತದೆ, ನಾನೊಬ್ಬಳು ಕಪಟಿ ಅಂತ ಬಹಳ ಕಾಲ ಸಂಕಟಪಟ್ಟೆ. ಈಗ ಆ ಸಂಕಟವಿಲ್ಲ. ನಿನ್ನೆ ಮಾಡಿದ್ದು ಸುಳ್ಳಲ್ಲ, ಅದು ನಿನ್ನೆಯದು. ಇವತ್ತಿನದು ಇನ್ನೂ ಮಾಡಿಲ್ಲ, ಅಷ್ಟೇ.