ಎಫಿಯವರ ಬಲಹೆಗಲು

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಹೈಸ್ಕೂಲಿನ ಮೂರನೆಯ ವರ್ಷದ ನಡುವೆಯೇ ಶಾಲೆ ಬಿಟ್ಟವಳು ನಾನು. ಮಾತುಗಳು ಅಲ್ಲಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಗ್ರಂಥಾಲಯದವರು ಈ ದಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟು, ‘ಬಾಲ್‌ನಾಕಿಯ ಯಾರಾದರೊಬ್ಬರ ಬದುಕಿನ ಬಗ್ಗೆ ಬರೆಯಿರಿ’ ಎಂದು ಚೀಟಿ ಅಂಟಿಸಿದ್ದಾರೆ. ಇದುವರೆಗೆ ಬರೆದವರು ಪಾದ್ರಿಗಳ ಬಗ್ಗೆ, ಡಾಕ್ಟರ ಬಗ್ಗೆ, ಯುದ್ಧದಲ್ಲಿ ಸತ್ತವರ ಬಗ್ಗೆ ಬರೆದಿದ್ದಾರೆ. ನಾನು ಎಫಿ ಮ್ಯಾಕ್‌ಕೊರ್ರಿಯವರ ಬಗ್ಗೆ ಬರೆಯುತ್ತೇನೆ. ಮನೆಯಲ್ಲಿ ಪೆನ್ಸಿಲಿನಿಂದ ಎರಡು ಸಲ ಬರೆದು, ಹೊಡೆದುಹಾಕಿ, ಈಗ ಮಸಿಯಲ್ಲಿ ಇಳಿಸುತ್ತಿದ್ದೇನೆ.

ಎಫಿಯವರು ಹುಟ್ಟಿದ್ದು ಕರಾವಳಿಯ ಪೋರ್ಟ್‌ಗಾರ್ವಿಯಲ್ಲಿ. ಹದಿನಾಲ್ಕನೆಯ ವಯಸ್ಸಿಗೇ ದಕ್ಕೆಯ ಮೇಲೆ ನಿಂತು ಹೆರಿಂಗ್ ಮೀನು ಸೀಳುವ ಕೆಲಸಕ್ಕೆ ಸೇರಿದರು. ಚಾಕು ತಾಗದಿರಲೆಂದು ಬೆರಳುಗಳಿಗೆ ಹಿಟ್ಟಿನ ಚೀಲದ ಬಟ್ಟೆ ಸುತ್ತಿಕೊಳ್ಳುತ್ತಿದ್ದರಂತೆ. ಆದರೂ ಉಪ್ಪುನೀರು ಒಳಗೆ ಇಳಿಯುತ್ತಿತ್ತು. ಈಗ ಅವರಿಗೆ ಐವತ್ತೆರಡು ವರ್ಷ. ಎರಡೂ ಕೈಯ ಬೆರಳುಗಳು ಮರದ ಬೇರಿನ ಹಾಗೆ ತಿರುಚಿಕೊಂಡಿವೆ. ದೊಡ್ಡ ಗುಂಡಿ ಹಾಕಿಕೊಳ್ಳಬಲ್ಲರು, ಪಿನ್ನು ಹಾಕಿಕೊಳ್ಳಲಾರರು. ಮುಂದೆ ಈ ಮಾತು ಬೇಕಾಗುತ್ತದೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಅವರ ಗಂಡ ಆರ್ಚಿ ಲಾರಿ ಓಡಿಸುತ್ತಾರೆ, ನಮ್ಮೂರಿನ ಪೈಪ್ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಾರೆ. ಆರ್ಚಿಯ ತಂಗಿ ಮಿಸ್ ಗ್ರಿಸೆಲ್. ಕಿಲ್ಟ್, ಅಂದರೆ ಗಂಡಸರು ಉಡುವ ಮಡಿಕೆಯ ಚೌಕಳಿ ಲಂಗ, ಹೊಲಿಯುವ ಅಂಗಡಿ ಅವರದು, ನಾನು ಅಲ್ಲೇ ಕೆಲಸಕ್ಕಿದ್ದೇನೆ. ಮಿಸ್ ಗ್ರಿಸೆಲ್ ಮದುವೆಯಾಗಲಿಲ್ಲ. ಅಣ್ಣನ ಕಿಲ್ಟಿನ ಒಂದೊಂದು ಮಡಿಕೆಯನ್ನೂ ಅವರೇ ಕೈಯಲ್ಲಿ ಹೊಲಿದಿದ್ದಾರೆ. ಅದನ್ನು ಬೇರೆ ಯಾರಿಗೂ ಇಸ್ತ್ರಿ ಮಾಡಲು ಬಿಡುವುದಿಲ್ಲ, ಎಫಿಯವರಿಗಂತೂ ಮುಟ್ಟಲೂ ಬಿಡುವುದಿಲ್ಲ.

ಕಿಲ್ಟ್ ತೊಟ್ಟ ಗಂಡಸಿನ ಜೊತೆ ಹೋಗುವ ಹೆಂಗಸು ಏನು ಉಡಬೇಕು ಎಂದು ಕೇಳಿಕೊಂಡು ಅಂಗಡಿಗೆ ಬಹಳ ಜನ ಬರುತ್ತಾರೆ. ಮಿಸ್ ಗ್ರಿಸೆಲ್ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ. “ಕಿಲ್ಟ್ ಗಂಡಸಿಗೆ. ನಿಂಗೆ ಕಣಕಾಲ್ ತನಕ ಒಂದು ಸಾದಾ ಗೌನು, ಅದೂ ಒಂದೇ ಬಣ್ಣದ್ದು. ನೆಲಕ್ಕೆ ತಾಗೋ ಹಾಗಿದ್ರೆ ಕುಣಿಯೋವಾಗ ಯಾರಾದ್ರೂ ತುಳೀತಾರೆ, ಹರಿಯುತ್ತೆ, ಆಮೇಲೆ ನನ್ನ ಹತ್ರ ಅಳ್ಕೊಂಡು ಬರ್ಬೇಡ. ಎತ್ತರದ ಹಿಮ್ಮಡಿ ಚಪ್ಪಲಿ ಬೇಡ. ಮೇಲೆ ಗಂಡನ ಕುಲದ ಚೌಕಳಿ ಶಲ್ಯ, ಬಲಹೆಗಲ ಮೇಲೆ ಬೆಳ್ಳಿ ಪಿನ್ನು. ಎಡಹೆಗಲು ಕುಲದ ನಾಯಕರ ಹೆಂಡ್ತಿಗೆ ಮಾತ್ರ.”

ಎಫಿಯವರಿಗೆ ಮಾತ್ರ ಅವರು ಹಾಗೆ ಹೇಳಿರಲಿಲ್ಲ. ಮದುವೆಯಾದ ವರ್ಷ, ಅಂದರೆ ಮೂವತ್ತೊಂದು ವರ್ಷದ ಹಿಂದೆ, ಶರತ್ಕಾಲದ ಕುಲಕೂಟಕ್ಕೆ ಹೊಸ ಮದುಮಗಳನ್ನು ಅಲಂಕರಿಸಿದ್ದು ಮಿಸ್ ಗ್ರಿಸೆಲ್ಲೇ. ಶಲ್ಯವನ್ನು ಎಡಹೆಗಲ ಮೇಲೆ ಹೊದಿಸಿ, ಚೆಂದವಾಗಿ ಪಿನ್ನು ಹಾಕಿ, ಕೆನ್ನೆಗೆ ಮುತ್ತು ಕೊಟ್ಟು ಕಳುಹಿಸಿದರಂತೆ. ಮೀನುಪೇಟೆಯಲ್ಲಿ ಬೆಳೆದವರಿಗೆ ಯಾವ ಹೆಗಲಾದರೇನು? ಸಭಾಭವನದ ಬಾಗಿಲು ದಾಟಿದ್ದೇ ತಡ, ಯಾರೋ ಎದ್ದು ನಿಂತು ಮೊಣಕಾಲು ಮಡಿಸಿ ನಮಸ್ಕರಿಸಿದರು. “ದೊರೆಸಾನಿ ಬಂದ್ರು ನೋಡ್ರೋ! ಮೀನಿನ ದೊರೆಸಾನಿ!” ಆರ್ಚಿಯೂ ನಕ್ಕರಂತೆ.

ಆ ಹೆಸರು ಇವತ್ತಿನವರೆಗೂ ನಿಂತಿದೆ. ಬೇಕರಿಯ ಮಿಸೆಸ್ ಪೀಟ್ರಿ ಈಗಲೂ “ದೊರೆಸಾನಿಗೆ ಎಷ್ಟು ರೊಟ್ಟಿ ಕಟ್ಲಿ?” ಎಂದೇ ಕೇಳುತ್ತಾರೆ. ಎಫಿಯವರು ಪ್ರತಿ ವರ್ಷ ಕೂಟಕ್ಕೆ ಹೋದರು, ಆದರೆ ಹಿಂದಿನ ಬಾಗಿಲಿನಿಂದ, ಏಪ್ರನ್ ಕಟ್ಟಿಕೊಂಡು. ಅಡುಗೆಮನೆಯಲ್ಲಿ ಸೂಪು ಬಿಸಿ ಮಾಡಿದರು, ಓಟ್ಸ್ ರೊಟ್ಟಿಗೆ ಚೀಸ್ ಹಚ್ಚಿದರು, ಕಪ್ಪು ತೊಳೆದರು. ಆರ್ಚಿ ಬೇರೆಯವರ ಹೆಂಡಿರ ಜೊತೆ ಕುಣಿಯುವುದು ಅವರಿಗೆ ಅಡುಗೆಮನೆಯಿಂದ ಭವನಕ್ಕೆ ತೆರೆಯುವ ಕಿಟಕಿಯಿಂದ ಕಾಣುತ್ತಿತ್ತು.

ಈ ವರ್ಷ ಆರ್ಚಿ ಬ್ಯಾಂಡಿಗೆ ಸೇರಿ ನಲವತ್ತು ವರ್ಷವಾಯಿತು. ಕೂಟದಲ್ಲಿ ಅವರಿಗೆ ಬೆಳ್ಳಿಯ ಬಟ್ಟಲು ಕೊಡುವುದೆಂದು ತೀರ್ಮಾನವಾಯಿತು. ಬೇರೆ ಜೋಡಿಗಳೆಲ್ಲ ಬ್ಯಾಗ್‌ಪೈಪ್ ವಾದ್ಯದ ಜೊತೆ ಒಳಗೆ ನಡೆದು ಸಾಲಾಗಿ ನಿಂತ ಮೇಲೆ, ಕೊನೆಗೆ ಆರ್ಚಿ ಹೆಂಡತಿಯ ಕೈಹಿಡಿದು ತುದಿಯಲ್ಲಿರುವ ನಾಯಕರ ಮೇಜಿನವರೆಗೆ ಬರಬೇಕು. ಹೆಂಡತಿ ಬರಲೇಬೇಕು, ಅದು ಪದ್ಧತಿ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಎಫಿಯವರು ಅಂಗಡಿಗೆ ಬಂದರು. ಬಾಗಿಲಲ್ಲೇ ನಿಂತು ಕೇಳಿದರು.

“ಮರಿ, ಯಜಮಾನಿ ಇಲ್ವಾ?”

“ಅಂಚೆ ಕಚೇರಿಗೆ ಹೋಗಿದ್ದಾರೆ.”

“ಒಳ್ಳೇದಾಯ್ತು ಬಿಡು. ನಂಗೊಂದು ಶಲ್ಯ ಬೇಕು, ಒಂದು ದಿನದ ಬಾಡಿಗೆಗೆ.” ಹೊಸ್ತಿಲು ದಾಟಿ ಒಳಗೆ ಬಂದರು. “ಬಲಹೆಗಲು ತಾನೇ? ನಂಗೊತ್ತು, ನಿದ್ದೇಲಿ ಕೇಳಿದ್ರೂ ಹೇಳ್ತೀನಿ. ಆದ್ರೂ ಇನ್ನೊಬ್ರ ಬಾಯಲ್ಲಿ ಕೇಳ್ಬೇಕು ಅನ್ಸುತ್ತೆ.”

“ಬಲಹೆಗಲೇ,” ಎಂದೆ.

“ಒಂದ್ಸಲ ಮರಿ. ಭವನದ ಬಾಗ್ಲಿಂದ ನಾಯಕರ ಮೇಜಿನ ತನಕ, ಯಾರೂ ನಗ್ದೇ ಇರೋ ಹಾಗೆ ಒಂದೇ ಒಂದ್ಸಲ ನಡ್ದುಬಿಟ್ರೆ ಸಾಕು. ಆಮೇಲೆ ಬೇಕಾದ್ರೆ ಸಾಯೋ ತನಕ ಕಪ್ ತೊಳೀತೀನಿ. ಪಿನ್ ಹಾಕಕ್ಕೆ ನೀನೇ ಬರ್ತೀಯ? ನನ್ನ ಕೈಲಾಗಲ್ಲ. ಅವಳ ಕೈಗೆ ಕೊಡಲ್ಲ.”

ಬರುತ್ತೇನೆ ಎಂದೆ. ಶಲ್ಯದ ಬಾಡಿಗೆ ಲೆಕ್ಕವನ್ನು ಚೀಟಿಯಲ್ಲಿ ಬರೆದಿಟ್ಟೆ. ಮಿಸ್ ಗ್ರಿಸೆಲ್ ಬಂದು ಚೀಟಿ ಓದಿದರು. ಸಿಟ್ಟಾಗಲಿಲ್ಲ. “ಅತ್ತಿಗೆಗೆ ಒಳ್ಳೇದನ್ನೇ ಕೊಡು, ಹೊಸ ನೇಯ್ಗೇದು,” ಎಂದರು.

ಕೂಟದ ದಿನ ಸಂಜೆ ಮಿಸ್ ಗ್ರಿಸೆಲ್ ನನ್ನನ್ನು ಬೇಗನೆ ಭವನಕ್ಕೆ ಕರೆದುಕೊಂಡು ಹೋದರು. ಒಳಬಾಗಿಲ ಮುಂದಿನ ಮೊಗಸಾಲೆಯಲ್ಲಿ ಮಿಸೆಸ್ ಪೀಟ್ರಿಯೂ ಇನ್ನೈದು ಹೆಂಗಸರೂ ಇದ್ದರು.

“ಎಲ್ರಿಗೂ ಎಡಹೆಗಲಿಗೆ ಹಾಕು ಹುಡುಗಿ,” ಎಂದರು ಮಿಸ್ ಗ್ರಿಸೆಲ್. “ಸಡಿಲ ಇರ್ಲಿ. ಒಂದೇ ಏಟಿಗೆ ಬಿಚ್ಚಿ ಬಲಕ್ಕೆ ಹಾಕ್ಕೊಳ್ಳೋ ಹಾಗಿರ್ಬೇಕು.”

“ಅವ್ಳು ನಂಬ್ತಾಳಾ?” ಎಂದು ಮಿಸೆಸ್ ಪೀಟ್ರಿ ಕೇಳಿದರು.

“ಏಳು ಜನ ಒಂದೇ ಥರ ನಿಂತ್ರೆ ಯಾರಾದ್ರೂ ನಂಬ್ತಾರೆ. ಅವ್ಳು ಎಡಕ್ಕೆ ಬದಲಾಯಿಸ್ಕೊಳ್ಳೋ ಹೊತ್ತಿಗೆ ನಾವು ಬಲಕ್ಕೆ ಹಾಕ್ಕೊಂಡು ಒಳಗಿರ್ತೀವಿ.”

“ಅಯ್ಯೋ, ನಂಗೆ ಈಗ್ಲೇ ನಗು ತಡ್ಯಕ್ಕಾಗ್ತಿಲ್ಲ ಕಣೆ.”

“ತಡ್ಕೋ. ಒಳಗೆ ಹೋದ್ಮೇಲೆ ನಗೋದು. ಹುಡುಗಿ, ನಿಂಗೆ ಈ ಕೆಲಸ ಬೇಕು ತಾನೇ? ಹಾಗಿದ್ರೆ ಬಾಯಿ ಮುಚ್ಕೊಂಡಿರು.”

ನಾನು ಹಾಕಿದೆ. ಮಿಸ್ ಗ್ರಿಸೆಲ್ ಸೇರಿ ಏಳು ಹೆಂಗಸರಿಗೆ ಏಳು ಪಿನ್ನು.

ಎಫಿಯವರು ಆರ್ಚಿಯ ಜೊತೆ ಬಂದರು. ಬೂದುಬಣ್ಣದ ಗೌನು, ಕಣಕಾಲಿನವರೆಗೆ, ಹೊಲಿಗೆ ಅವರದೇ. ಆ ಬೆರಳುಗಳಿಂದ ಅಷ್ಟು ಹೊಲಿಯಲು ಎಷ್ಟು ದಿನ ಹಿಡಿಯಿತೋ ಗೊತ್ತಿಲ್ಲ. ಕೋಟು ತೂಗುಹಾಕುವ ಕೋಣೆಯಲ್ಲಿ ಅವರ ಬಲಹೆಗಲ ಮೇಲೆ ಶಲ್ಯ ಹೊದಿಸಿ ಬಿಗಿಯಾಗಿ ಪಿನ್ನು ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡು, “ಪರ್ವಾಗಿಲ್ಲ ಅಲ್ವಾ?” ಎಂದರು. ಚೆನ್ನಾಗಿ ಕಾಣುತ್ತಿದ್ದರು. ಹಾಗೆಂದು ನಾನು ಹೇಳಿದೆ, ಅದು ಸುಳ್ಳಲ್ಲ.

ಮೊಗಸಾಲೆಗೆ ಬಂದ ಎಫಿಯವರು ನಿಂತುಬಿಟ್ಟರು. ಏಳು ಹೆಂಗಸರ ಏಳು ಎಡಹೆಗಲುಗಳು.

“ಅಯ್ಯೋ ಅತ್ತಿಗೆ, ನಿಮಗ್ಯಾರೂ ಹೇಳ್ಲಿಲ್ವಾ?” ಎಂದರು ಮಿಸ್ ಗ್ರಿಸೆಲ್. “ನಾಯಕರ ಹೆಂಡ್ತಿಗೆ ಹುಷಾರಿಲ್ಲ, ಈ ವರ್ಷ ಬರ್ತಿಲ್ಲ. ನನ್ನ ಬದ್ಲು ನೀವೆಲ್ಲ ಎಡಹೆಗಲಿಗೆ ಹಾಕ್ಕೊಳ್ಳಿ ಅಂತ ಕಾಗ್ದ ಬರ್ದಿದ್ದಾರೆ. ಬಾಗ್ಲಿಗೆ ಅಂಟಿಸಿದ್ವಲ್ಲ.”

“ನಾನು ನೋಡ್ಲಿಲ್ಲ.”

“ಬಲಕ್ಕೇ ಇರ್ಲಿ ಬಿಡಿ, ನಿಮ್ಮಿಷ್ಟ. ಒಬ್ರೇ ಬೇರೆ ಥರ ಕಾಣ್ತೀರಿ ಅಷ್ಟೇ.”

ಎಫಿಯವರು ನನ್ನ ಕಡೆ ತಿರುಗಿದರು. “ಮರಿ? ನಿಜಾನಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಅವರ ಗೌನಿನ ಅಂಚು ನೋಡುತ್ತಾ ನಿಂತೆ. ಆ ಹೊಲಿಗೆ ಸ್ವಲ್ಪವೂ ಸೊಟ್ಟಗಿರಲಿಲ್ಲ.

“ಹಾಗಿದ್ರೆ ಬದಲಾಯ್ಸಿಬಿಡು ಮರಿ, ಬೇಗ,” ಎಂದು ಅವರೇ ಕೋಣೆಗೆ ನಡೆದರು. ಬಿಗಿಯಾಗಿ ಹಾಕಿದ ಪಿನ್ನನ್ನು ನಾನೇ ಬಿಚ್ಚಿದೆ, ನಾನೇ ಎಡಹೆಗಲಿಗೆ ಹಾಕಿದೆ. ಅವರು ನನ್ನ ಕೈ ಮುಟ್ಟಿ, “ನೀನು ಬಂದಿದ್ದು ಒಳ್ಳೇದಾಯ್ತು ಮರಿ,” ಎಂದರು. ಅಷ್ಟರಲ್ಲಿ ಬ್ಯಾಗ್‌ಪೈಪುಗಳ ಸದ್ದು ಶುರುವಾಯಿತು. ನಾವು ಹೊರಗೆ ಬಂದಾಗ ಮೊಗಸಾಲೆ ಖಾಲಿಯಾಗಿತ್ತು, ಬಾಗಿಲ ಬಳಿ ಆರ್ಚಿ ಒಬ್ಬರೇ ನಿಂತಿದ್ದರು. ಹೆಂಡತಿಯ ಹೆಗಲು ನೋಡಿ, ತುಟಿ ಒಳಗೆಳೆದುಕೊಂಡು, ತೋಳು ಚಾಚಿದರು. ಅವರಿಗೆ ಮೊದಲೇ ಗೊತ್ತಿತ್ತು. ನಾನು ಅವರ ಮುಖವನ್ನು ಹತ್ತಿರದಿಂದ ನೋಡಿದ್ದೇನೆ.

ಒಳಗೆ ನೂರಿಪ್ಪತ್ತು ಜನ ಎದ್ದು ನಿಂತಿದ್ದರು. ಎರಡೂ ಬದಿಯ ಸಾಲಿನಲ್ಲಿ ಪ್ರತಿ ಹೆಂಗಸಿನ ಶಲ್ಯವೂ ಬಲಹೆಗಲ ಮೇಲಿತ್ತು. ತುದಿಯ ಮೇಜಿನಲ್ಲಿ ನಾಯಕರ ಹೆಂಡತಿ ಕುಳಿತಿದ್ದರು, ಗಟ್ಟಿಮುಟ್ಟಾಗಿ. ಅವರ ಶಲ್ಯ ಎಡಹೆಗಲ ಮೇಲಿತ್ತು. ಇಡೀ ಭವನದಲ್ಲಿ ಹಾಗಿದ್ದವರು ಇಬ್ಬರೇ.

ಮೊದಲು ಮಿಸೆಸ್ ಪೀಟ್ರಿ ಮೊಣಕಾಲು ಮಡಿಸಿದರು. ಆಮೇಲೆ ಆ ಸಾಲಿನವರೆಲ್ಲ ಒಬ್ಬೊಬ್ಬರಾಗಿ ಮಡಿಸಿದರು. “ದೊರೆಸಾನಿ! ನಮ್ ದೊರೆಸಾನಿ!” ಗಂಡಸರು ಕಾಲಿನಿಂದ ನೆಲ ಬಡಿದರು. ನಾಯಕರ ಹೆಂಡತಿ ಒಂದು ಕ್ಷಣ ನೋಡಿ, ತಟ್ಟೆಯ ಕಡೆ ಕಣ್ಣು ಇಳಿಸಿದರು. ಎಫಿಯವರು ನಿಲ್ಲಲಿಲ್ಲ. ಬಾಗಿಲಿನಿಂದ ಮೇಜಿನವರೆಗೂ ನಡೆದರು. ಆರ್ಚಿ ಬಟ್ಟಲು ತೆಗೆದುಕೊಳ್ಳಲು ತೋಳು ಬಿಡಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಆಯ್ತಲ್ಲ ಮೆರವಣಿಗೆ, ಹೋಗು ಎಫಿ, ಟೀ ನೋಡ್ಕೋ.” ಅದಕ್ಕೆ ಇನ್ನೂ ಜೋರಾಗಿ ನಕ್ಕರು.

ಅವರು ಅಡುಗೆಮನೆಗೆ ಹೋದರು, ನಾನೂ ಹಿಂದೆ ಹೋದೆ. ಶಲ್ಯದ ಮೇಲೆಯೇ ಏಪ್ರನ್ ಕಟ್ಟಿಕೊಂಡು ಟೀ ಮಾಡಿದರು. ಎಲ್ಲರೂ ಕುಡಿದ ಮೇಲೆ ನೂರಿಪ್ಪತ್ತು ಕಪ್ಪನ್ನೂ ತೊಳೆದರು. ನಾನು ಒರೆಸಿಕೊಟ್ಟೆ. ಕೊನೆಯಲ್ಲಿ ಹೆಗಲು ನನ್ನ ಕಡೆ ತಿರುಗಿಸಿ ನಿಂತರು, ನಾನು ಪಿನ್ನು ಬಿಚ್ಚಿದೆ.

“ಅವ್ರು ನಿಂಗೂ ಸುಳ್ಳು ಹೇಳಿದ್ರಾ ಮರಿ?” ಎಂದು ಕೇಳಿದರು.

“ಹೌದು,” ಎಂದೆ.

“ಪಾಪ. ನಿಂಗೆ ಹೇಗೆ ಗೊತ್ತಾಗ್ಬೇಕು,” ಎಂದು ಒದ್ದೆ ಕೈಯಿಂದ ನನ್ನ ತಲೆ ಸವರಿದರು.

ಮರುದಿನ ಅಂಗಡಿಯಲ್ಲಿ ಮಿಸ್ ಗ್ರಿಸೆಲ್ ನಾನು ವಾಪಸು ತಂದ ಶಲ್ಯವನ್ನು ದೂರ ಹಿಡಿದು, “ಮೀನಿನ ವಾಸನೆ, ಆವಿ ಹಿಡಿ,” ಎಂದು ನನ್ನ ಕಡೆ ಎಸೆದರು. ನಾನು ಮೂಸಿ ನೋಡಿದೆ. ಪಾತ್ರೆ ತೊಳೆಯುವ ಸಾಬೂನಿನ ವಾಸನೆ ಮಾತ್ರ ಇತ್ತು. ಎಫಿಯವರು ಆಮೇಲೆ ಮನೆಯಿಂದ ಹೊರಗೆ ಬಂದಿಲ್ಲ. ರೊಟ್ಟಿ ತರಲು ಈಗ ಆರ್ಚಿಯೇ ಹೋಗುತ್ತಾರೆ.

ಎಫಿಯವರ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ. ಈ ಪುಸ್ತಕವನ್ನು ಊರಿನವರೆಲ್ಲ ಓದುತ್ತಾರೆ, ಮಿಸ್ ಗ್ರಿಸೆಲ್ಲೂ ಓದುತ್ತಾರೆ. ಎಫಿಯವರಿಗೆ ಇದು ಬೇರೆಯವರ ಬಾಯಿಂದ ತಿಳಿಯಬಾರದು. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವರ ಮನೆಗೆ ಹೋಗಿ, ನನಗೆ ಗೊತ್ತಿತ್ತು ಎಂದು ಹೇಳುತ್ತೇನೆ.