ಮಾವನ ಗಡ್ಡ

ವಡೋದರದ ಅಲ್ಕಾಪುರಿಯ ಆ ಹೊಳೆಯುವ ಅಂಗಡಿಯಲ್ಲಿ ಗಡ್ಡದ ಸಾಮಾನಿಗೆಂದೇ ಒಂದು ಗೋಡೆ ಇತ್ತು. ಕಾಲೇಜು ಹುಡುಗರು ಅಲ್ಲಿ ನಿಂತು ಕನ್ನಡಿಯಲ್ಲಿ ಕೆನ್ನೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಅವರ ನಡುವೆ ಬಿಳಿ ಪಂಚೆ ಉಟ್ಟ, ಎಪ್ಪತ್ತರ ಹತ್ತಿರದ ಒಬ್ಬ ಮನುಷ್ಯ ಒಂದೊಂದೇ ಎಣ್ಣೆ ಬಾಟಲಿಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಮೂಸಿ, ತಲೆ ಅಲ್ಲಾಡಿಸಿ, ವಾಪಸ್ ಇಡುತ್ತಿದ್ದ. ಅವನೇ ನನ್ನ ಸ್ನೇಹಿತ ವಾದಿರಾಜ. ಪಕ್ಕದಲ್ಲಿ ನಿಂತು ಅವನ ಮರ್ಯಾದೆ ತೆಗೆಯುತ್ತಿದ್ದವನು ನಾನು, ಶೀನ.

ಅಂಗಡಿಯವನು ಬಂದು, "ಕಾಕಾ, ಪೋತೇ ಕೇ ಲಿಯೇ?" ಎಂದ. ಮೊಮ್ಮಗನಿಗಾ ಎಂದು ಅವನ ಪ್ರಶ್ನೆ. ನಾನು ದನಿ ತಗ್ಗಿಸಿ, ಇವರು ಟೀವಿ ಧಾರಾವಾಹಿಯಲ್ಲಿ ಋಷಿಯ ಪಾರ್ಟು ಮಾಡುವವರು, ಯಾರಿಗೂ ಹೇಳಬೇಡ ಎಂದೆ. ತಕ್ಷಣ ಸ್ಟೂಲು ಬಂತು, ತಣ್ಣೀರು ಬಂತು, ಸ್ಯಾಂಪಲ್ ಪೊಟ್ಟಣಗಳು ಬಂದವು. ವಾದಿರಾಜ ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಮುಂದಿನ ಬಾಟಲಿಯನ್ನು ಹಿಂದುಮುಂದಾಗಿ ತಿರುಗಿಸಿ ಸಣ್ಣ ಅಕ್ಷರ ಓದತೊಡಗಿದ.

"ಎದುರಿನ ಲೇಬಲ್ ಓದಬಾರದು ಮಾರಾಯ," ಎಂದ ನನಗೆ. "ಅದು ಮಾರ್ಲಿಕ್ಕೆ ಬರೆದದ್ದು. ಹಿಂದಿನದ್ದು ಹೆದರಿ ಬರೆದದ್ದು. ಅದ್ರಲ್ಲಿ ಸ್ವಲ್ಪ ಸತ್ಯ ಉಂಟು."

ಅವನು ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವನು, ನಮ್ಮ ಕರಾವಳಿಯ ಕೋಟದ ಕಡೆಯವನು. ನಾನು ಅದೇ ಮಕರಪುರದಲ್ಲಿ ಹೋಟೆಲು ನಡೆಸಿದವನು. ನನ್ನ ಸಾಂಬಾರಿಗೆ ಸಮನಾದ ಸಾಂಬಾರು ವಡೋದರದಲ್ಲಿ ಇನ್ನೂ ಹುಟ್ಟಿಲ್ಲ. ಇದು ಜಂಬ ಅಲ್ಲ, ಬರೀ ವರದಿ. ಗಿರಾಕಿಗಳಿಗೆ ಕೀಟಲೆ ಮಾಡದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಒಮ್ಮೆ ವಾದಿರಾಜನ ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿ, ಕೌಂಟರಿನ ಹಿಂದೆ ಅಡಗಿ ನೋಡಿದೆ. ಅವನು ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, "ಇವತ್ತು ಕಾಫಿ ಬೇರೆ ಉಂಟು," ಎಂದು ಹೇಳಿ ಹೋದ. ನನ್ನ ಇಡೀ ವೃತ್ತಿಜೀವನದಲ್ಲಿ ಸೋತದ್ದು ಅದೊಂದೇ ಸಲ.

ಅವನ ಬಾಯಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ಒಂದೇ ಶಬ್ದ, "ನೋಡುವ." ಊರಿಗೆ ಬರ್ತೀಯಾ? ನೋಡುವ. ಮಗಳು ಶುಭಾ ಸೂರತ್ತಿನ ಕತಾರ್‌ಗಾಮ್‌ನಲ್ಲಿ ಮನೆ ತೆಗೆದುಕೊಂಡಳಲ್ಲ, ಅಲ್ಲಿ ಹೋಗಿ ಇರ್ತೀಯಾ? ನೋಡುವ. ಮುಖ ಮಾತ್ರ ಪ್ರತಿದಿನ ನುಣ್ಣಗೆ ಬೋಳಿಸಿದ್ದು, ತಿಕ್ಕಿ ತೊಳೆದ ಸ್ಟೀಲ್ ತಟ್ಟೆಯ ಹಾಗೆ. ಅಂಥವನಿಗೆ ಆ ವಯಸ್ಸಿನಲ್ಲಿ ಗಡ್ಡ ಯಾಕೆ ಬೇಕಾಯಿತು ಎಂಬುದೇ ಅವನ ಕತೆ.

ಅವನ ಹೆಂಡತಿ ಲಲಿತಕ್ಕನಿಗೆ ಮರೆವು ಶುರುವಾಗಿತ್ತು. ಮೊದಲು ಸಾರಿಗೆ ಉಪ್ಪು ಹಾಕುವುದು ಮರೆತರು, ಆಮೇಲೆ ತರಕಾರಿ ಅಂಗಡಿಯಿಂದ ಮನೆಗೆ ಬರುವ ದಾರಿ, ಕೊನೆಗೆ ಗಂಡನನ್ನು. ಒಂದು ಸಲ ನಾನು ಹೋದಾಗ ಬಾಗಿಲಲ್ಲೇ ನನ್ನ ತೋಳು ಹಿಡಿದು, "ಒಳಗೆ ಯಾರೋ ಗಂಡಸು ಕೂತಿದ್ದಾರೆ, ಹೋಗ್ಲಿಕ್ಕೆ ಹೇಳಿ," ಎಂದರು. ಒಳಗೆ ವಾದಿರಾಜ ಬೀನ್ಸ್ ಕತ್ತರಿಸುತ್ತಿದ್ದ. ಕೇಳಿಸಿತ್ತು, ತಲೆ ಎತ್ತಲಿಲ್ಲ. ಅವನ ಕೈಯಿಂದ ಅವರು ಊಟ ಮಾಡುತ್ತಿರಲಿಲ್ಲ. ತಟ್ಟೆ ಹಿಡಿದು ಹತ್ತಿರ ಹೋದರೆ ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದರು. ಸೂರತ್ತಿಗೆ ಕರೆದುಕೊಂಡು ಹೋಗುವ ಎಂದರೆ, ಹೊಸ ಜಾಗದಲ್ಲಿ ಇನ್ನೂ ಗಾಬರಿಯಾದಾರು ಎಂದರು ಡಾಕ್ಟರು.

ಆ ಬೇಸಿಗೆಯಲ್ಲಿ ವಾದಿರಾಜ ಜ್ವರ ಬಂದು ಮಲಗಿದ. ನನ್ನ ಹೋಟೆಲಿನಿಂದ ಗಂಜಿ ಹೋಗುತ್ತಿತ್ತು. ಎದ್ದು ಓಡಾಡುವಷ್ಟರಲ್ಲಿ ಮುಖದ ತುಂಬ ಬಿಳಿ ಗಡ್ಡ. ಲಲಿತಕ್ಕ ಅವನನ್ನೇ ನೋಡಿ, ಹತ್ತಿರ ಬಂದು, "ಅಪ್ಪಯ್ಯ, ಯಾವಾಗ ಬಂದದ್ದು?" ಎಂದರಂತೆ. ಅವರ ತಂದೆ ಬಾರ್ಕೂರಿನಲ್ಲಿ ನಾಡಮದ್ದು ಕೊಡುತ್ತಿದ್ದ ಪಂಡಿತರು, ಎದೆಯವರೆಗೆ ಗಡ್ಡ ಬಿಟ್ಟವರು, ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅವತ್ತು ಅವರು ಅಪ್ಪಯ್ಯನ ಕೈಯಿಂದ ತಟ್ಟೆ ತುಂಬ ಗಂಜಿ ಉಂಡರು.

"ಇನ್ನು ನಾನು ಬೋಳಿಸುದಿಲ್ಲ," ಎಂದ ವಾದಿರಾಜ, ನನ್ನ ಕೌಂಟರಿನ ಮುಂದೆ ನಿಂತು.

"ಗಂಡನಾಗಿ ಫೇಲಾಗಿ ಮಾವನಾಗಿ ಪಾಸಾದಿಯಲ್ಲ ಮಾರಾಯ," ಎಂದೆ ನಾನು.

"ಪಾಸಾದ್ರೆ ಸಾಕು," ಎಂದ.

ಆದರೆ ಗಡ್ಡ ಬಿಟ್ಟ ಮಾತ್ರಕ್ಕೆ ಮಾವನ ಗಡ್ಡವಾಗುತ್ತದೆಯೇ? ಗೋಡೆಯ ಮೇಲಿನ ಫೋಟೋದಲ್ಲಿ ಪಂಡಿತರ ಗಡ್ಡ ರೇಷ್ಮೆಯ ಹಾಗೆ ಎರಡು ಭಾಗವಾಗಿ ಇಳಿದಿತ್ತು. ಇವನದ್ದು ಪಾತ್ರೆ ತಿಕ್ಕುವ ತಂತಿಯ ಹಾಗೆ ನಿಂತಿತು. ಬಲಗೆನ್ನೆಯಲ್ಲಿ ಎರಡು ಬೆರಳಿನಷ್ಟು ಜಾಗ ಖಾಲಿ. ತುರಿಕೆ ಬೇರೆ. ಲಲಿತಕ್ಕ ಮುಟ್ಟಿ, "ಚುಚ್ಚುತ್ತದೆ," ಎಂದು ಕೈ ಹಿಂದೆ ತೆಗೆದುಕೊಂಡರು. ಕೈ ಹಿಂದೆ ಹೋದ ದಿನ ಊಟವೂ ಅರ್ಧಕ್ಕೆ ನಿಂತಿತು. ಹಾಗಾಗಿಯೇ ನಾವು ಆ ಅಂಗಡಿಗೆ ಹೋದದ್ದು.

ವಾದಿರಾಜ ಈ ಕೆಲಸವನ್ನೂ ಕಾರ್ಖಾನೆಯ ಕೆಲಸದ ಹಾಗೆ ಹಿಡಿದ. ಸಾಬೂನು ಬಿಟ್ಟು ಗಡ್ಡಕ್ಕೆಂದೇ ಬರುವ ಮೆದು ಶಾಂಪೂ ತೆಗೆದುಕೊಂಡ, ಅದೂ ದಿನಾ ಅಲ್ಲ, ದಿನಾ ತೊಳೆದರೆ ಇನ್ನೂ ಒಣಗುತ್ತದೆಂದು. ಸ್ನಾನವಾದ ಮೇಲೆ ಒದ್ದೆ ಗಡ್ಡದ ಬುಡಕ್ಕೆ ನಾಲ್ಕು ಹನಿ ಎಣ್ಣೆ, ಕೂದಲು ಕೆಳಗೆ ಕೂರಲು ಕಡಲೆಕಾಳಿನಷ್ಟು ಮೇಣದಂಥ ಬಾಮು, ಬೇವಿನ ಮರದ ಅಗಲ ಹಲ್ಲಿನ ಬಾಚಣಿಗೆ, ಮೀಸೆ ಬಾಯಿಗೆ ಬರದಂತೆ ಪುಟ್ಟ ಕತ್ತರಿ. ಪಕ್ಕದ ಕೂದಲು ಉದ್ದವಾದ ಮೇಲೆ ಅದನ್ನೇ ಬಾಚಿ ಬಲಗೆನ್ನೆಯ ಹೊಂಡ ಮುಚ್ಚಿದ.

ಎಲ್ಲ ಸರಿಯಾಯಿತು, ಪರಿಮಳ ಮಾತ್ರ ಸಿಗಲಿಲ್ಲ. ಒಂದು ಬಾಟಲಿಯಲ್ಲಿ ಚಾಕಲೇಟು, ಒಂದರಲ್ಲಿ ಹೊಗೆಸೊಪ್ಪು, ಇನ್ನೊಂದರಲ್ಲಿ ವಿಸ್ಕಿ. "ಪಂಡಿತರಿಗೆ ವಿಸ್ಕಿ ಹಾಕಿದ್ರೆ ಲಲಿತಕ್ಕ ನಿನ್ನನ್ನಲ್ಲ, ಅವರನ್ನೇ ಮನೆಯಿಂದ ಓಡಿಸ್ತಾರೆ," ಎಂದೆ. ಕೊನೆಗೆ ವಾಸನೆಯೇ ಇಲ್ಲದ ಬಾಮು ಆರಿಸಿದ. ಎಣ್ಣೆಯ ಉಪಾಯ ನನ್ನದು. ಪಂಡಿತರ ಮೈಗೆ ಎಂತ ಪರಿಮಳ ಇತ್ತೆಂದು ಕೇಳಿ, ಲಾವಂಚ ಎಂದು ತಿಳಿದು, ಮಾಂಡವಿ ಪೇಟೆಯಲ್ಲಿ ಗಾಂಧಿ ಎಂದು ಕರೆಯುವ ಗ್ರಂಥಿಗೆ ಅಂಗಡಿಯಲ್ಲಿ ಖಸ್ ಎಂದು ಕೇಳಿ ಬೇರು ತಂದೆ, ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ ತಾರಸಿಯ ಬಿಸಿಲಿಗೆ ಇಟ್ಟೆ. ಎಷ್ಟೋ ಕಂಪೆನಿಗಳು ಮಾಡಲಾಗದ್ದನ್ನು ಒಬ್ಬ ಇಡ್ಲಿ ಮಾರುವವನು ಮಾಡಿದ ಎಂದು ಬರೆದುಕೊಳ್ಳಲು ನನಗೇನೂ ಸಂಕೋಚವಿಲ್ಲ. ಆ ಎಣ್ಣೆ ಹಚ್ಚಿದ ಗಡ್ಡದಲ್ಲಿ ಲಲಿತಕ್ಕ ಮುಖ ಇಟ್ಟು ಮಗುವಿನ ಹಾಗೆ ನಿದ್ದೆ ಹೋದರು. ವಾದಿರಾಜ ಕಾಲು ಜೋಮು ಹಿಡಿದರೂ ಅಲ್ಲಾಡದೆ ಕೂತಿದ್ದ.

ಅಪ್ಪಯ್ಯ ಸಿಕ್ಕಿದ ಮೇಲೆ ಲಲಿತಕ್ಕನಿಗೆ ಮಾತು ಬಂತು. ಮಾತೆಲ್ಲ ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು.

"ಅಪ್ಪಯ್ಯ, ಆ ಕೋಟದ ಹುಡುಗ ನೋಡಿ ಹೋದ್ರಲ್ಲ. ಎಂತಾದ್ರೂ ಹೇಳಿ ಕಳಿಸಿದ್ರಾ?"

"ಇಲ್ಲ ಮಗಾ. ಕಳಿಸ್ತಾರೆ."

"ನಾನು ಕಪ್ಪು ಅಂತ ಬೇಡ ಹೇಳಿದ್ರಾ?"

"ಹಾಗೆ ಎಂತ ಇಲ್ಲ. ಕಳಿಸ್ತಾರೆ."

ದಿನವೂ ಇದೇ. ವಾದಿರಾಜ ಒಮ್ಮೆ ನನ್ನ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ಇದನ್ನು ಹೇಳಿದ. ಕಾಫಿ ಆರಿಹೋಗಿತ್ತು. "ಹುಡುಗಿ ನೋಡಿ ಬಂದ ಮೇಲೆ ಮನೆಯಲ್ಲಿ ಕೇಳಿದ್ರು, ಎಂತ ಹೇಳ್ತಿ ಅಂತ. ನಾನು ನೋಡುವ ಅಂದೆ. ಒಪ್ಪಿಗೆ ಇತ್ತು ನಂಗೆ, ಮೊದಲನೇ ದಿನವೇ. ಸುಮ್ಮನೆ ನೋಡುವ ನೋಡುವ ಅಂತ ಮಳೆಗಾಲ ಕಳೆದೆ. ಅವಳು ಈಗ ಆ ಮಳೆಗಾಲದಲ್ಲೇ ಕೂತಿದ್ದಾಳೆ, ಶೀನ. ಅಲ್ಲಿಂದ ಏಳುದೇ ಇಲ್ಲ."

ನಾನು ಆರಿದ ಲೋಟ ಎತ್ತಿ, ಬೇರೆ ಬಿಸಿ ಕಾಫಿ ತಂದಿಟ್ಟೆ.

ಕೆಲವು ದಿನ ಬಿಟ್ಟು ಒಂದು ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ಬಂದು ನಿಂತವನನ್ನು ನೋಡಿ ನನಗೇ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಎದೆಯವರೆಗೆ ಬರಲಿದ್ದ ಗಡ್ಡ ಪೂರ್ತಿ ಮಾಯ. ಇಸ್ತ್ರಿ ಮಾಡಿದ ಬಿಳಿ ಶರಟು, ಹಿಂದಕ್ಕೆ ಬಾಚಿದ ತಲೆ.

"ಎಂತ, ಹುಡುಗಿ ನೋಡ್ಲಿಕ್ಕೆ ಹೊರಟದ್ದಾ?" ಎಂದೆ.

"ಹೌದು," ಎಂದ. "ಒಪ್ಪಿಗೆ ಹೇಳ್ಲಿಕ್ಕೆ. ನೀನೂ ಬಾ. ಹುಡುಗನ ಕಡೆಯಿಂದ ಹಿರಿಯರು ಅಂತ ಒಬ್ಬರು ಬೇಕಲ್ಲ."

ಅವನು ತಮಾಷೆ ಮಾಡುವವನಲ್ಲ. ನಾನು ಕೌಂಟರು ಬಿಟ್ಟು ಹೊರಟೆ. ಲಲಿತಕ್ಕ ಮುಂದಿನ ಕೋಣೆಯ ಉಯ್ಯಾಲೆಯ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡರು. ವಾದಿರಾಜ ಕೈ ಮುಗಿದ. ಅವರು ಅವನ ಮುಖವನ್ನು ಒಳ್ಳೆಯ ಮನೆತನದ ಹುಡುಗಿ ಅಪರಿಚಿತರನ್ನು ನೋಡುವ ಹಾಗೆ ಒಂದು ಕ್ಷಣ ನೋಡಿ, ಕಣ್ಣು ಕೆಳಗೆ ಹಾಕಿದರು.

"ಅಪ್ಪಯ್ಯ ಮನೆಯಲ್ಲಿ ಇಲ್ಲ," ಎಂದರು. "ಆಮೇಲೆ ಬನ್ನಿ."

ಅವರು ಕಾಯುತ್ತಿದ್ದದ್ದು ಇಪ್ಪತ್ತೈದರ ಹುಡುಗನಿಗೆ. ಬಂದು ನಿಂತದ್ದು ಒಬ್ಬ ಮುದುಕ. ಅಷ್ಟು ಲೆಕ್ಕ ನಮಗಿಬ್ಬರಿಗೂ ಹೊಳೆದಿರಲಿಲ್ಲ. ನಾವು ನಿಜವಾಗಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆವು. ತನ್ನದೇ ಮನೆಯ ಮೆಟ್ಟಿಲ ಮೇಲೆ ಅವನು ಬೋಳು ಕೆನ್ನೆ ಸವರಿಕೊಳ್ಳುತ್ತಾ ಕೂತದ್ದು ಈಗಲೂ ನನ್ನ ಕಣ್ಣಲ್ಲಿದೆ.

ಆಮೇಲೆ ಲಲಿತಕ್ಕ ಊಟ ಬಿಟ್ಟರು. ಅಪ್ಪಯ್ಯ ಬರಲಿ ಎಂದು ಬಾಗಿಲು ನೋಡುತ್ತ ಕೂತರು. ವಾದಿರಾಜ ಒಬ್ಬನೇ ಆ ಅಂಗಡಿಗೆ ಹೋಗಿ ಕೈಚೀಲ ತುಂಬ ತಂದ. ಬೇಗ ಬೆಳೆಸುವ ಸೀರಮ್ಮು, ಕೆನ್ನೆಗೆ ಉರುಳಿಸುವ ಸೂಜಿಗಳ ರೋಲರು, ನುಂಗುವ ಮಾತ್ರೆ. "ಹಿಂದಿನ ಲೇಬಲ್ ಓದಿದ್ಯಾ?" ಎಂದೆ. ಇಲ್ಲ ಎಂದು ತಲೆ ಅಲ್ಲಾಡಿಸಿದ. ಬದುಕಿನಲ್ಲಿ ಮೊದಲ ಸಲ ಅವನು ಎದುರಿನದ್ದು ಮಾತ್ರ ಓದಿದ್ದ. ಕೆನ್ನೆ ಕೆಂಪಾಗಿ ಉರಿಯಿತು. ಗಡ್ಡ ಮಾತ್ರ ತನಗೆ ಬೇಕಾದ ನಿಧಾನದಲ್ಲೇ ಬಂತು.

ನಾನು ಸುಮ್ಮನೆ ಕೂರುವವನಲ್ಲ. ಕನ್ನಡ ಸಂಘದಲ್ಲಿ ಆಟ ಆಡುತ್ತಿದ್ದ ಕಾಲದ ನನ್ನ ಯಕ್ಷಗಾನದ ಬಿಳಿ ಗಡ್ಡ ಪೆಟ್ಟಿಗೆಯಲ್ಲಿತ್ತು. ಅದನ್ನು ವಾದಿರಾಜನ ಕಿವಿಗೆ ಕಟ್ಟಿ ಒಳಗೆ ಕಳಿಸಿದೆ. ಲಲಿತಕ್ಕ ನೋಡಿದರು, ನಕ್ಕರು, "ಚಂಡೆ ಎಲ್ಲಿ?" ಎಂದರು. ಅಪ್ಪಯ್ಯ ಆಗಲಿಲ್ಲ, ವೇಷಧಾರಿ ಆದ. ನಾನು ಅಡುಗೆಮನೆಯಿಂದ ಪಾತ್ರೆ ತಂದು ಬಡಿದೆ. ಆಗ ವಾದಿರಾಜ, ಮಗಳ ಮದುವೆಯಲ್ಲೂ ಕಂಬದ ಹಾಗೆ ನಿಂತಿದ್ದವನು, ಗಂಜಿಯ ತಟ್ಟೆ ಕೈಯಲ್ಲಿ ಹಿಡಿದು ಕುಣಿದ. ತಾಳ ತಪ್ಪಿ, ಉಸಿರು ಕಟ್ಟಿ, ಗಡ್ಡ ಒಂದು ಕಿವಿಯಿಂದ ಜಾರಿ ನೇತಾಡುತ್ತಿದ್ದರೂ ಕುಣಿದ. ಕುಣಿತದ ನಡುವೆ ಒಂದೊಂದು ಚಮಚ ಅವರ ಬಾಯಿಗೆ ಇಟ್ಟ. ಅವರು ಆಟ ನೋಡುತ್ತ ನುಂಗಿದರು. ಅಸಲು ಗಡ್ಡ ಬರುವವರೆಗೂ ಆ ಮನೆಯಲ್ಲಿ ಮಧ್ಯಾಹ್ನದ ಆಟ ನಡೆಯಿತು.

ಗಡ್ಡ ಒಂದಿಷ್ಟು ಬಂದ ಮೇಲೆ ಅವನು ಮತ್ತೆ ಲಾವಂಚದ ಎಣ್ಣೆ ಹಚ್ಚಿ ಹತ್ತಿರ ಕೂತ. ನಾನು ಅಲ್ಲೇ ಇದ್ದೆ. ಅವರು ಕೆನ್ನೆ ಮೇಲೆ ಅಂಗೈ ಇಟ್ಟರು.

"ಅಪ್ಪಯ್ಯ, ಎಲ್ಲಿ ಹೋದದ್ದು? ನೀವು ಇಲ್ಲದಾಗ ಇಬ್ಬರು ಮುದುಕರು ಬಂದಿದ್ರು. ಹುಡುಗನ ಕಡೆಯವರಾ? ನಂಗೆ ಕೇಳ್ಲಿಕ್ಕೆ ನಾಚಿಕೆ ಆಯ್ತು."

ವಾದಿರಾಜ ನನ್ನನ್ನು ನೋಡಿದ. ಆಮೇಲೆ ಹೇಳಿದ, "ಹೌದು ಮಗಾ. ದಾರಿಯಲ್ಲಿ ಸಿಕ್ಕಿದ್ರು. ಒಪ್ಪಿಗೆ ಅಂತ ಹೇಳಿದ್ರು."

"ಮನೆಯವರು ಹೇಳಿದ್ದಾ, ಹುಡುಗ ಹೇಳಿದ್ದಾ?"

"ಹುಡುಗನೇ ಹೇಳಿದ್ದು. ನೋಡಿದ ದಿನವೇ ಒಪ್ಪಿಗೆ ಇತ್ತಂತೆ."

ಲಲಿತಕ್ಕ ತಟ್ಟೆಯನ್ನು ತಾವೇ ತೊಡೆಯ ಮೇಲೆ ಎಳೆದುಕೊಂಡು ಉಂಡರು. ಆ ಪ್ರಶ್ನೆಯನ್ನು ಮತ್ತೆ ಯಾವತ್ತೂ ಕೇಳಲಿಲ್ಲ.

ಮರುವರ್ಷ ಮಳೆಗಾಲದ ಕೊನೆಗೆ ಲಲಿತಕ್ಕ ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟರು. ಕ್ರಿಯೆಗೆ ನರ್ಮದೆಯ ದಡದ ಚಾಂದೋದಿಗೆ ಹೋದೆವು. ಕ್ಷೌರದವನು ಗಡ್ಡಕ್ಕೆ ಕತ್ತಿ ಇಟ್ಟಾಗ ಲಾವಂಚದ ಪರಿಮಳ ನನಗೂ ಬಡಿಯಿತು. ವಾದಿರಾಜ ಕಲ್ಲಿನ ಮೇಲೆ ಕೂತು, ಕಾಲ ಬುಡದಲ್ಲಿ ಬಿದ್ದ ಬಿಳಿ ಕೂದಲನ್ನು ನೋಡಿದ. ಕೆನ್ನೆ ಮುಟ್ಟಿಕೊಂಡು, "ಈಗ ಹೋದ್ರೆ ಅವಳಿಗೆ ಗುರ್ತ ಸಿಕ್ಕೀತಾ, ಶೀನ?" ಎಂದ.

"ನೋಡುವ," ಎಂದೆ ನಾನು. ಅವನ ಶಬ್ದವನ್ನು ಅವನಿಗೇ ಕೊಟ್ಟದ್ದು.

ಆಮೇಲೆ ಅವನು ಒಂದು ಬೆಳಗೂ ತಪ್ಪಿಸದೆ ಬೋಳಿಸಿಕೊಂಡ. ಎರಡೆರಡು ಸಲ ಸೋಪು ಹಚ್ಚಿ, ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು. ಶುಭಾ ಸೂರತ್ತಿಗೆ ಕರೆದಳು, ನೋಡುವ ಎಂದ. ನಾನು, "ಯಾರು ನೋಡ್ತಾರೆ ಮಾರಾಯ ನಿನ್ನ ಕೆನ್ನೆ?" ಎಂದು ಕೆಣಕಿದರೆ, ಮಗುವಿನ ಹಾಗೆ ನಾಚುತ್ತಿದ್ದ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಶುಭಾ ಸೂರತ್ತಿನಿಂದ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಸ್ನಾನ ಮಾಡಿಸುವಾಗ ನೋಡಿದೆ, ಗಲ್ಲದ ಮೇಲೆ ಒಂದು ದಿನದ ಬಿಳಿ ಚಿಗುರು. ಅವನ ರೇಜರು, ಸೋಪು ಎಲ್ಲಿ ಎಂದು ಕೇಳಿದೆ.

"ಮಾಮಾ, ಅಬ್ ಕ್ಯೂಂ, ಈಗ ಯಾಕೆ?" ಎಂದಳು ಶುಭಾ, ಅಳುತ್ತಲೇ. "ಗಾಡಿ ಬಂತು. ಎಲ್ಲ ಕಾಯ್ತಾ ಇದ್ದಾರೆ."

"ಕಾಯ್ಲಿ ಮಗಾ. ಹುಡುಗಿ ನೋಡ್ಲಿಕ್ಕೆ ಹೊರಟವ. ಹೀಗೆ ಕಳಿಸ್ಲಿಕ್ಕೆ ಆಗುದಿಲ್ಲ."

ಇವತ್ತೂ ತಮಾಷೆ ಬಿಡಲಿಲ್ಲವಲ್ಲ ಈ ಮಾಮ ಎಂಬ ಹಾಗೆ ಅವಳು ನನ್ನನ್ನು ನೋಡಿದಳು. ನಾನು ಸೋಪಿನ ನೊರೆ ಎಬ್ಬಿಸಿ, ಎರಡು ಸಲ ಹಚ್ಚಿ, ನಿಧಾನವಾಗಿ ಬೋಳಿಸಿದೆ. ಎಲ್ಲೂ ಗಾಯ ಆಗಲಿಲ್ಲ. ಕೆನ್ನೆ ಮತ್ತೆ ಸ್ಟೀಲ್ ತಟ್ಟೆಯ ಹಾಗಾಯಿತು. ಹುಡುಗನ ಕಡೆಯಿಂದ ಹಿರಿಯರು ಬೇಕು, ನೀನೂ ಬಾ ಎಂದು ಈ ಸಲ ಮಾತ್ರ ಅವನು ನನ್ನನ್ನು ಕರೆಯಲಿಲ್ಲ.