ದಾರಿಗೆ ಅಡ್ಡವಿಟ್ಟ ಸೊಪ್ಪು

ಅಕ್ಕನ ಫೋನನ್ನು ಕೇಳದೆ ಎತ್ತಿಕೊಂಡು ಹೊರಟದ್ದು ನಾನು ಮಾಡಿದ ಮೊದಲ ತಪ್ಪು. ನನ್ನ ಫೋನಿನ ಚಾರ್ಜ್ ಮುಗಿಯುತ್ತ ಬಂದಿತ್ತು, ಓದುತ್ತಿದ್ದ ಪುಸ್ತಕ ಒಳ್ಳೆ ಘಟ್ಟದಲ್ಲಿತ್ತು. ಅದನ್ನು ಅವಳ ಫೋನಿಗೂ ಇಳಿಸಿಟ್ಟಿದ್ದೆ. ಅಕ್ಕ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ನನ್ನದನ್ನು ಚಾರ್ಜಿಗೆ ಹಾಕಿ ಹೊಲದ ಕಡೆ ನಡೆದೆ.

ನಾವು ಒಡಹುಟ್ಟಿದ ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಮದುವೆಯಾಗಿ ದೊಡ್ಡಗಾಜನೂರಿನ ಒಂದೇ ಮನೆಗೆ ಬಂದವರು. ಅಕ್ಕ ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟಳು. ನನಗೋ ಓದುವ ಹುಚ್ಚು. ತಾಳವಾಡಿಯ ಅಂಗಡಿಯಲ್ಲಿ ರೀಚಾರ್ಜ್ ಮಾಡಿಸಿದ ಡೇಟಾವೆಲ್ಲ ದೂರದೇಶದವರ ಕಥೆಗಳಿಗೇ ಹೋಗುತ್ತಿತ್ತು. "ಆ ದೇಸದೋರು ಏನ್ ತಿಂದ್ರೆ ನಿಂಗೇನಮ್ಮಿ, ಮೊದ್ಲು ಮೊಸರಿಗೆ ಎಪ್ಪಾಕು" ಎಂದು ಅಕ್ಕ ರೇಗಿಸುತ್ತಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ.

ಅಂದು ಓದುತ್ತಿದ್ದದ್ದು ಹಿಮದ ನಾಡಿನವರ ಬಗ್ಗೆ. ಮರವಿಲ್ಲದ ಬಯಲಿನಲ್ಲಿ ಅವರು ಕಲ್ಲಿನ ಮೇಲೆ ಕಲ್ಲು ಪೇರಿಸಿ, ಹಿಂದೆ ಬರುವವರಿಗೆ ದಾರಿ ಹೇಳುತ್ತಾರಂತೆ. ಎಂಥ ಬುದ್ಧಿವಂತರು ಎಂದು ಮೈಮರೆತೇ ನಡೆಯುತ್ತಿದ್ದೆ. ಹೊಲಕ್ಕೆ ಎರಡು ದಾರಿ. ಕೆರೆ ಏರಿಯದು ಸುತ್ತು, ಲಂಟಾನ ಪೊದೆಗಳ ನಡುವಿನ ಕಾಲುದಾರಿ ಹತ್ತಿರ. ಕಾಲುದಾರಿಯ ಬಾಯಲ್ಲಿ ಸೊಪ್ಪಿನ ಎರಡು ಕೊಂಬೆ ಅಡ್ಡಡ್ಡ ಬಿದ್ದಿದ್ದವು, ಮೇಲೊಂದು ಕಲ್ಲು. ಹಿಂದೆ ಅಕ್ಕ ಬುತ್ತಿಯ ಕುಕ್ಕೆ ಹೊತ್ತು ಬರುತ್ತಾಳೆ, ಎಡವಿಬಿಟ್ಟಾಳು ಎಂದು ಎರಡನ್ನೂ ಎಳೆದು ಚರಂಡಿಗೆ ಎಸೆದೆ. ಕಲ್ಲನ್ನು ಕಾಲಿನಿಂದ ಒತ್ತರಿಸಿದೆ. ಮತ್ತೆ ಫೋನಿಗೆ ಕಣ್ಣು ಹಾಕಿದೆ. ನಡುವೆ ಎಲ್ಲೋ ಕಡ್ಡಿ ಮುರಿದ ಸದ್ದಾಯಿತು. ದನವಿರಬೇಕೆಂದುಕೊಂಡೆ.

ಹೊಲದಲ್ಲಿ ಅಜ್ಜಿಯೊಬ್ಬಳೇ ಕೋಸಿನ ಕಳೆ ಕೀಳುತ್ತಿದ್ದಳು. ಕಾಡಂಚಿನ ಪೋಡಿನವಳು, ಅಂದರೆ ಕಾಡುಜನರ ಹಾಡಿಯವಳು. ಎಷ್ಟೋ ವರ್ಷದಿಂದ ನಮ್ಮ ಹೊಲಕ್ಕೆ ಬರುತ್ತಾಳೆ. ಅವಳ ಊಟ, ದೇವರು, ನೆಂಟರು ಯಾವುದನ್ನೂ ನಾನು ಒಂದು ದಿನವೂ ಕೇಳಿರಲಿಲ್ಲ. ನನ್ನನ್ನು ನೋಡಿದ್ದೇ ಅವಳು ಕುಡುಗೋಲು ಕೆಳಗಿಟ್ಟಳು.

"ಯಾವ್ ದಾರೀಲಿ ಬಂದೆ ನೀನು?"

"ಕಾಲುದಾರೀಲಿ."

"ಸೊಪ್ಪು ಆಕಿದ್ನಲ್ಲ, ಕಾಣ್ನಿಲ್ವ?"

"ಅದಾ? ತೆಗ್ದು ಬಿಸಾಕ್ಬುಟ್ಟೆ."

ಅವಳ ಮುಖ ಬಿಗಿದುಕೊಂಡಿತು. "ಅಯ್ಯೋ, ಮರಿ ಆನೆ ಅದೆ ಕಣಮ್ಮಿ ಒಳಗೆ, ತಾಯಿ ಜೊತೆ. ಬೆಳಿಗ್ಗೆ ಲದ್ದಿ ನೋಡಿ, ನೀವು ಅಕ್ಕತಂಗಿ ಬತ್ತೀರಿ ಅಂತ ಗುರ್ತು ಮಡಗಿ, ಏರಿ ಮೇಲೆ ಸುತ್ತಾಕಂಡು ಬಂದೆ."

ಅಕ್ಕ! ಮನೆಯಲ್ಲಿದ್ದ ನನ್ನ ನಂಬರಿಗೇ ಕರೆ ಮಾಡಿದೆ. ಒಂದು ಕಡ್ಡಿ ಸಿಗ್ನಲ್ ಇತ್ತು. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಎತ್ತಲಿಲ್ಲ. ಅಂದರೆ ಅವಳು ಹೊರಟಾಗಿದೆ, ಮತ್ತು ಅವಳ ಫೋನು ನನ್ನ ಮುಷ್ಟಿಯಲ್ಲಿದೆ.

ಕಾಲುದಾರಿಯತ್ತ ಓಡಿದೆ. ಅಜ್ಜಿ ಸೆರಗು ಹಿಡಿದು ಜಗ್ಗಿದಳು. "ನೀನ್ ಇತ್ಲಿಂದ ನುಗ್ಗುದ್ರೆ ಅದು ಅತ್ಲಾಗಿ ಓಯ್ತದೆ. ಅತ್ಲಿಂದ ನಿಮ್ಮಕ್ಕ ಬತ್ತಾವ್ಳೆ. ಕೂಗ್ಬ್ಯಾಡ. ಏರಿ ಮೇಲೆ ಓಡು."

ಕೂಗುವ ಹಾಗಿಲ್ಲ, ಹತ್ತಿರದ ದಾರಿ ಹಿಡಿಯುವ ಹಾಗಿಲ್ಲ. ಚಪ್ಪಲಿ ಬಿಟ್ಟು ಓಡಿದೆ. ಎಡಗಡೆ ಪೊದೆಗಳು ಸುಮ್ಮನಿದ್ದವು. ಆ ಸುಮ್ಮನಿರುವಿಕೆಯೇ ನನ್ನನ್ನು ಕೊಲ್ಲುತ್ತಿತ್ತು. ಈಗ ಘೀಳಿಡುತ್ತದೆ, ಈಗ ಅಕ್ಕ ಕಿರುಚುತ್ತಾಳೆ ಎಂದು ಕಿವಿ ಅತ್ತಲೇ ಇತ್ತು. ಅವಳು ಎಡವಬಾರದೆಂದು ನಾನೇ ದಾರಿ ತೆರವು ಮಾಡಿಕೊಟ್ಟಿದ್ದೆ. ಮಾದಪ್ಪಾ, ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂದೆಲ್ಲ ಹರಕೆ ಹೊತ್ತೆ.

ಏರಿಯ ತಿರುವಿನಲ್ಲಿ ಅಕ್ಕ ಎದುರಾದಳು. ತಲೆಯ ಮೇಲೆ ಕುಕ್ಕೆ, ಬಾಯಲ್ಲಿ ಎಲೆಅಡಿಕೆ. ನಾನು ಹೋಗಿ ಅವಳ ತೋಳು ಹಿಡಿದುಕೊಂಡೆ.

"ಯಾಕಮ್ಮಿ ಇಂಗ್ ಓಡ್ಬತ್ತಿದ್ದೀಯ?"

"ಕಾಲುದಾರೀಲಿ ಬರ್ಲಿಲ್ವ ನೀನು?"

"ಎಂಗ್ ಬರದು? ಚರಂಡೀಲಿ ಸೊಪ್ಪು ಬಿದ್ದಿತ್ತು, ಇನ್ನೂ ಬಾಡಿರ್ನಿಲ್ಲ. ಕಲ್ಲಿನ್ ಮಗ್ಗುಲಲ್ಲೇ ನೆಲ ಅಸಿಯಾಗಿ, ಅದು ಮೊದ್ಲಿದ್ದ ಗುರ್ತು ಬಿದ್ದಿತ್ತು. ಅಜ್ಜಿ ಮಡಗಿದ್ನ ಯಾರೋ ಕಣ್ಣಿಲ್ದೋರು ಕಿತ್ತಾಕವ್ರೆ ಅಂತ, ತಿರ್ಗಾ ಮಡಗ್ಬುಟ್ಟು ಇಂಗ್ ಬಂದೆ." ಕುಕ್ಕೆ ಸರಿಮಾಡಿಕೊಂಡು ಮುಂದುವರಿಸಿದಳು. "ನೀನು ಮುಂದ್ಗಡೆ ಬಂದ್ಯಲ್ಲ, ಯಾರಾದ್ರೂ ಕಂಡ್ರಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ನಾನೇ ಕಣಕ್ಕ."

ಅಕ್ಕ ನನ್ನ ಬರಿಗಾಲನ್ನೂ ಕೈಯಲ್ಲಿದ್ದ ಅವಳ ಫೋನನ್ನೂ ನೋಡಿದಳು. ಒಂದು ಕೈಯಲ್ಲಿ ಕುಕ್ಕೆ ಹಿಡಿದು ಇನ್ನೊಂದನ್ನು ಚಾಚಿದಳು. ಫೋನ್ ಕೊಟ್ಟೆ. ಅದರಲ್ಲಿ ಹಿಮದ ಬಯಲಿನ ಆ ಕಲ್ಲುಗಳ ಪುಟ ಇನ್ನೂ ತೆರೆದೇ ಇತ್ತು.